ಇದ್ದಷ್ಟರಲ್ಲಿ ಒಂದು ಸಿನಿಮಾ

ಮುಲುಂಡಿನ ಆ ಸಣ್ಣ ಹೋಟೆಲು ಮಾರ್ಚ್ ಕೊನೆಗೆ ಮುಚ್ಚುವುದೆಂದು ಖಚಿತವಾದಾಗ ಮಗನ ಕೈಯಲ್ಲಿ 70 ದಿನಗಳೂ ಉಳಿತಾಯದ 60,000 ರೂಪಾಯಿಯೂ ಇದ್ದವು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ತಟ್ಟೆ ತೊಳೆದ ಅಪ್ಪ, ಆಮೇಲೆ 40 ವರ್ಷ ನಡೆಸಿದ ಜಾಗ ಅದು. ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತಿತ್ತು. ಬೇರೆ ಕಡೆ ಮತ್ತೆ ಶುರುಮಾಡಲು ಮಗ ಜೊತೆಗೆ ನಿಲ್ಲಬೇಕಿತ್ತು. ಅವನು ಬ್ಯಾಂಕಿನ ನೌಕರ. ಹೋಟೆಲು ಹೋಗುವ ಮೊದಲು ಅದರದೊಂದು ಸಿನಿಮಾ ಮಾಡಬೇಕೆಂದು ಅವನಿಗೆ ಅನ್ನಿಸಿತು.

ಮೊದಲು ಅವನು ಮಾಡಿದ್ದು ಕೆಮರಾಗಳ ಬೆಲೆ ನೋಡುವ ಕೆಲಸ. ಒಳ್ಳೆಯದೊಂದು ಕೊಂಡರೆ ಲೆನ್ಸಿಗೆ ದುಡ್ಡು ಉಳಿಯುತ್ತಿರಲಿಲ್ಲ. ಹೀಗೇ ಎರಡು ವಾರ ಹೋಯಿತು. ಆಮೇಲೆ ತಾನು ಮೆಚ್ಚಿದ ಚಿತ್ರಗಳನ್ನು ಮತ್ತೆ ಹಾಕಿ, ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ: ಇದನ್ನು ಮಾಡಿದವರ ಹತ್ತಿರ ಏನೇನು ಇರಲಿಲ್ಲ?

‘ಎಲ್ ಮರಿಯಾಚಿ’ (1992) ಮಾಡುವಾಗ ರಾಬರ್ಟ್ ರೊಡ್ರಿಗೆಜ್ ಬಳಿ ಇದ್ದದ್ದು ಸುಮಾರು 7,000 ಡಾಲರ್. ಮೆಕ್ಸಿಕೊದ ಗಡಿಯೂರಿನಲ್ಲಿ ಪುಕ್ಕಟೆ ಸಿಗುವುದೇನೆಂದು ಲೆಕ್ಕ ಹಾಕಿ, ಬಸ್ಸು, ಬಾರು, ನಾಯಿ, ಆಮೆ ಎಲ್ಲವನ್ನೂ ಕಥೆಯೊಳಗೆ ತಂದರು. ಕೆಮರಾ ಸರಿಸಲು ಗಾಲಿಕುರ್ಚಿ ಬಳಸಿದರು. ಶಾನ್ ಬೇಕರ್ ‘ಟ್ಯಾಂಜರೀನ್’ (2015) ಚಿತ್ರವನ್ನು ಐಫೋನುಗಳಲ್ಲೇ ತೆಗೆದರು. ‘ಪಥೇರ್ ಪಾಂಚಾಲಿ’ (1955) ಶುರುಮಾಡಿದಾಗ ಸತ್ಯಜಿತ್ ರೇ ಜಾಹೀರಾತು ಕಂಪನಿಯ ನೌಕರರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೆ ಮೊದಲು ಸಿನಿಮಾ ಕೆಮರಾ ನಡೆಸಿದವರೇ ಅಲ್ಲ. ಬಿಳಿ ಕಾಶ ಹೂವಿನ ಬಯಲಿನಲ್ಲಿ ಒಂದು ದಿನ ಚಿತ್ರೀಕರಿಸಿ ಮುಂದಿನ ವಾರ ಹೋದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು. ಮತ್ತೆ ಹೂ ಬಿಡುವ ಕಾಲಕ್ಕೆ ಕಾದರು.

ಮಗನಿಗೆ ಹಾಗೆ ಕಾಯುವ ಅನುಕೂಲವಿರಲಿಲ್ಲ. ಇರುವುದರ ಪಟ್ಟಿ ಮಾಡಿದ: ಬೆಳಗಿನ ಐದರ ಒಲೆ, ಗ್ರೈಂಡರು, ಸವೆದ ಮಾರ್ಬಲ್ ಮೇಜು, ಅಪ್ಪ. ಕೈಯಲ್ಲಿದ್ದ ಫೋನೇ ಕೆಮರಾ ಆಯಿತು. ಕಾಲರ್ ಮೈಕು, ಟ್ರೈಪಾಡು, ಎರಡು ಥರ್ಮಾಕೋಲ್ ಹಾಳೆ ಸೇರಿ ಖರ್ಚು 6,000 ದಾಟಲಿಲ್ಲ.

ಮೊದಲ ವಾರ ತೆಗೆದದ್ದೆಲ್ಲ ಹಾಳು. ದೋಸೆಕಲ್ಲಿನಿಂದ ಆವಿ ಎದ್ದಾಗಲೆಲ್ಲ ಫೋನು ತಾನೇ ಬೆಳಕು ಏರಿಸಿ ಇಳಿಸುತ್ತಿತ್ತು, ಟ್ಯೂಬ್‌ಲೈಟು ಮಿಟುಕುತ್ತಿತ್ತು. ಎಕ್ಸ್‌ಪೋಶರು, ಫೋಕಸ್ಸು ಎರಡನ್ನೂ ಲಾಕ್ ಮಾಡುವುದನ್ನು ಕಲಿತ. ನಮ್ಮ ಕರೆಂಟು 50 ಹರ್ಟ್ಸ್. ಶಟರನ್ನು ಸೆಕೆಂಡಿನ 1/50ಕ್ಕೆ ನಿಲ್ಲಿಸಿದರೆ ಮಿಟುಕು ಹೋಗುತ್ತದೆ. ‘ಅಪರಾಜಿತೊ’ (1956) ಚಿತ್ರದ ಕಾಶಿಯ ಮನೆಯನ್ನು ಸ್ಟುಡಿಯೊದಲ್ಲಿ ಕಟ್ಟಿದಾಗ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ಹಾಯಿಸಿ ಕೆಳಗೆ ಬೀಳಿಸಿದ್ದರು. ಇಲ್ಲಿ ಹಿಂಬಾಗಿಲ ಬಿಸಿಲಿಗೆ ಥರ್ಮಾಕೋಲ್ ಹಿಡಿದಾಗ ಅಪ್ಪನ ಮುಖದ ಸುಕ್ಕುಗಳ ಮೇಲೂ ಅಂಥದೇ ತಂಪು ಬೆಳಕು ಬಿತ್ತು.

ಸದ್ದಿನ ಕೆಲಸ ಇನ್ನೂ ಕಷ್ಟ. ಎಕ್ಸಾಸ್ಟ್ ಫ್ಯಾನು ಎಲ್ಲವನ್ನೂ ನುಂಗುತ್ತಿತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ಮೂರರ ನಂತರ ಫ್ಯಾನು ಆರಿಸಿ ಅಪ್ಪನನ್ನು ಕೂರಿಸಿದ. ಮೈಕು ಕಂಡರೆ ಅಪ್ಪ ಸಂಘದ ವಾರ್ಷಿಕೋತ್ಸವದ ಭಾಷಣ ಶುರುಮಾಡುತ್ತಿದ್ದರು. ಕೊನೆಗೆ ಮಗ ಪ್ರಶ್ನೆ ಕೇಳುವುದನ್ನೇ ಬಿಟ್ಟ. ಅಪ್ಪ ಈರುಳ್ಳಿ ಹೆಚ್ಚುವಾಗ ಫೋನನ್ನು ಡಬ್ಬಿಗಳ ನಡುವೆ ನಿಲ್ಲಿಸಿ ತಾನೂ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿದ. ನಾಲ್ಕನೆಯ ದಿನ ಅಪ್ಪ ತಲೆ ಎತ್ತದೆ ಹೇಳಿದರು: “ನೀನು ಗಲ್ಲಾದಲ್ಲಿ ಕೂರ್ಲಿಲ್ಲ ಅಂತ ನಂಗೆ ಬೇಜಾರಿಲ್ಲ ಮಗಾ. ಶಾಲೆಗೆ ಕಳಿಸಿದ್ದು ನಾನೇ ಅಲ್ವಾ?”

ಚೌಕಟ್ಟಿನಲ್ಲಿ ಇದ್ದದ್ದು ಕೈ, ಚಾಕು, ಈರುಳ್ಳಿ ಮಾತ್ರ. ಮಾತು ಸ್ಪಷ್ಟವಾಗಿ ದಾಖಲಾಗಿತ್ತು.

ಒಂಬತ್ತು ಗಂಟೆಯ ಚಿತ್ರಣವನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಕತ್ತರಿಸಿ 14 ನಿಮಿಷಕ್ಕೆ ಇಳಿಸಲು ಅವನಿಗೆ ಮಳೆಗಾಲವೆಲ್ಲ ಬೇಕಾಯಿತು. ಆ ಮಾತನ್ನು ಮೂರು ಸಲ ತೆಗೆದ, ಮೂರು ಸಲ ಹಾಕಿದ. ಮನೆಯ ಟಿವಿಯಲ್ಲಿ ನೋಡಿದ ದಿನ ಅಪ್ಪ ಅದರ ಬಗ್ಗೆ ಏನೂ ಹೇಳಲಿಲ್ಲ. ಮುಗಿದ ಮೇಲೆ ಕೇಳಿದ್ದು ಇಷ್ಟೆ: “ಆ ಗ್ರೈಂಡರ್ ಸದ್ದು ಇನ್ನೊಂದ್ಸಲ ಹಾಕು ಕಾಂಬ.”