ಹಿಮ್ಮಡಿ ನೋಡಿ ಗುರುತು ಹಿಡಿದೆ

ದಾವಣಗೆರೆ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನೆ ನಿಮ್ಮವ್ವನನ್ನು ಕರೆದುಕೊಂಡು ಸಿನಿಮಾಕ್ಕೆ ಹೋಗಿದ್ದೆ. ಯಾವುದು ಅಂತ ನಿನಗೆ ಗೊತ್ತು. ಮಾರ್ಕೆಟ್ಟಿನ ಫೈಟಿನಲ್ಲಿ ನಾಯಕಿ ತಳ್ಳುಗಾಡಿಯ ಮೇಲಿಂದ ಹಾರುತ್ತಾಳಲ್ಲ, ಆಗ ಕಂಡದ್ದು ಬೆನ್ನು, ಜಡೆ, ಒಂದು ಕಾಲು. ನೆಲ ಮುಟ್ಟಿದ ಕೂಡಲೇ ಎಡ ಹಿಮ್ಮಡಿ ಚೂರು ಒಳಕ್ಕೆ ತಿರುಗಿತು. ಹನ್ನೊಂದು ವರ್ಷ ತಿದ್ದಿದರೂ ಮಾತು ಕೇಳದ ಹಿಮ್ಮಡಿ ಅದು. "ಅಕ್ಕಾ, ನಮ್ಮ ಪುಟ್ಟಿ!" ಅಂದೆ. ಅಷ್ಟರಲ್ಲಿ ನಾಯಕಿಯ ಮುಖ ಬಂತು. ನಿಮ್ಮವ್ವ "ಎಲ್ಲಿ, ಎಲ್ಲಿ" ಅಂತ ಹುಡುಕುತ್ತಲೇ ಇದ್ದಳು. ಕೊನೆಗೆ ಹೆಸರುಗಳು ಬರುವಾಗ ಎದ್ದು ಹೊರಟವರ ತಲೆಗಳ ನಡುವೆ ಇಣುಕಿ ಇಣುಕಿ ನೋಡಿದಳು. ನಿನ್ನ ಹೆಸರು ಇರಲಿಲ್ಲ. ಆಟೋ ಮನೆ ಮುಟ್ಟುವ ತನಕ ಅವಳು ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಒಬ್ಬರ ಕಥೆ ಹೇಳಿದೆ. ನಿನಗೂ ಅದನ್ನೇ ಬರೆಯುತ್ತಿದ್ದೇನೆ.

ನಾನು ಹುಡುಗನಾಗಿದ್ದಾಗ ಓಣಿಯವರೆಲ್ಲ ದುಡ್ಡು ಹಾಕಿ ಬಾಡಿಗೆಗೆ ವಿಸಿಆರ್ ತಂದು 'ದಿ ಕರಾಟೆ ಕಿಡ್' ನೋಡಿದ್ದೆವು. 1984ರ ಸಿನಿಮಾ. ಕಾರು ಉಜ್ಜಿಸಿ, ಬೇಲಿಗೆ ಬಣ್ಣ ಹೊಡೆಸಿ ಹುಡುಗನಿಗೆ ಕರಾಟೆ ಕಲಿಸುವ ಮಿಯಾಗಿ ಅಜ್ಜನನ್ನು ನೋಡಿಯೇ ನಾನು ಈ ದಾರಿ ಹಿಡಿದೆ. ಅಸ್ಥಿಪಂಜರದ ವೇಷ ಹಾಕಿಕೊಂಡ ಐದು ಹುಡುಗರು ಆ ಹುಡುಗನನ್ನು ಹಿಡಿದು ಬಡಿಯುವಾಗ ಅಜ್ಜ ಬೇಲಿ ಹಾರಿ ಬಂದು ಐವರನ್ನೂ ಮಲಗಿಸುತ್ತಾನೆ. ಅಂದು ನಾವೆಲ್ಲ ಶಿಳ್ಳೆ ಹೊಡೆದೆವು. ಹಾಗೆ ಹೊಡೆದಾಡಿದ್ದು ಮಿಯಾಗಿ ಪಾತ್ರ ಮಾಡಿದ ಪ್ಯಾಟ್ ಮೊರಿಟಾ ಅಲ್ಲ, ಫುಮಿಯೊ ಡೆಮುರಾ ಎಂಬ ಮೇಷ್ಟ್ರು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಡೆಮುರಾ ಹುಟ್ಟಿದ್ದು 1938ರಲ್ಲಿ, ಜಪಾನಿನ ಯೊಕೊಹಾಮಾದಲ್ಲಿ. ಚಿಕ್ಕಂದಿನಲ್ಲಿ ಮೈಯಲ್ಲಿ ಕಸುವಿರಲಿಲ್ಲ, ಅದಕ್ಕೇ ಈ ವಿದ್ಯೆಗೆ ಹಚ್ಚಿದರು. ರ್ಯೂಶೊ ಸಕಾಗಾಮಿ ಅವರ ಗುರು. ನಾವು ಕಲಿಯುವ ಶಿತೋ-ರ್ಯೂ ಪದ್ಧತಿಯೇ ಅವರದ್ದೂ. ಆ ಹೆಸರು ಹುಟ್ಟಿದ್ದು ಹೇಗೆ ಅಂತ ನಿನಗೆ ಹೇಳಿದ್ದೆ, ನೆನಪಿದೆಯೇ? ಆ ಪದ್ಧತಿ ಕಟ್ಟಿದ ಕೆನ್ವಾ ಮಬುನಿ ಅದಕ್ಕೆ ತಮ್ಮ ಹೆಸರು ಇಡಲಿಲ್ಲ. ಇತೊಸು, ಹಿಗಾವೊನ್ನಾ ಎಂಬ ತಮ್ಮ ಇಬ್ಬರು ಗುರುಗಳ ಹೆಸರಿನ ಅಕ್ಷರ ಜೋಡಿಸಿದರು. ಆ ವಿಷಯ ನೆನೆದರೆ ನನಗೆ ಈಗಲೂ ಗಂಟಲು ಬಿಗಿಯುತ್ತದೆ.

1965ರಲ್ಲಿ ಡೆಮುರಾ ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಆನಾದಲ್ಲಿ ಕ್ಲಾಸು. ಅಲ್ಲೇ ಹತ್ತಿರದ ಬ್ಯೂನಾ ಪಾರ್ಕ್ ಊರಿನಲ್ಲಿ ಜಪಾನಿ ಹಳ್ಳಿಯ ಹಾಗೆ ಕಟ್ಟಿದ್ದ, ಜಿಂಕೆಗಳಿದ್ದ ಒಂದು ಉದ್ಯಾನದಲ್ಲಿ, ಮಕ್ಕಳುಮರಿ ಕಟ್ಟಿಕೊಂಡು ಬಂದವರ ಮುಂದೆ ಕರಾಟೆ ಪ್ರದರ್ಶನ. 'ಕರಾಟೆ ಕಿಡ್' ಅವರನ್ನು ಹುಡುಕಿಕೊಂಡು ಬರುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ ಕಲಿಸಿಯಾಗಿತ್ತು.

ಇನ್ನು ಮೊರಿಟಾ. ಎಳೆತನದಲ್ಲೇ ಬೆನ್ನುಮೂಳೆಗೆ ಕ್ಷಯ ಬಂದು ವರ್ಷಗಟ್ಟಲೆ ಆಸ್ಪತ್ರೆಯ ಮಂಚದಲ್ಲಿ ಕಳೆದ ಮಗು ಅದು. ನಡೆಯುವ ಹಾಗೆ ಆಗುತ್ತಲೇ ಯುದ್ಧಕಾಲ. ಜಪಾನಿ ಮೂಲದವರನ್ನು ಅಮೆರಿಕ ಕೂಡಿಹಾಕಿದ ಶಿಬಿರಕ್ಕೆ ಕಳಿಸಿದರು. ದೊಡ್ಡವರಾಗಿ ಜನರನ್ನು ನಗಿಸಿ ಹೊಟ್ಟೆ ಹೊರೆದರು. ಕರಾಟೆ ಅವರ ವಿದ್ಯೆಯಲ್ಲ. ಆದರೆ ಹೆಂಡತಿಯನ್ನು ನೆನೆದು ಕುಡಿದು ಅಳುವ ಆ ದೃಶ್ಯದಲ್ಲಿ ಮೊರಿಟಾ ಅವರ ಕಣ್ಣಿನಲ್ಲಿದ್ದದ್ದನ್ನು ಯಾವ ಡ್ಯೂಪೂ ತರಲಾರ. ಆಸ್ಕರ್‌ಗೆ ಅವರ ಹೆಸರು ಹೋದದ್ದು ನ್ಯಾಯವೇ. ಒಬ್ಬರದು ಕಣ್ಣು, ಇನ್ನೊಬ್ಬರದು ಸೊಂಟ ಮತ್ತು ಪಾದ. ಎರಡೂ ಸೇರಿ ಮಿಯಾಗಿ ಅಜ್ಜ. ಇದನ್ನು ಯಾಕೆ ಹೇಳಿದೆ ಅಂದರೆ, ಹೋದ ಸಲ ಫೋನಿನಲ್ಲಿ ನೀನು ಆ ನಾಯಕಿಯ ಬಗ್ಗೆ ಬಿರುಸಾಗಿ ಮಾತಾಡಿದೆ. ಬೇಡ ಮಗಳೇ. ಅವಳ ಕೆಲಸವೂ ಸುಲಭದ್ದಲ್ಲ.

'ಕರಾಟೆ ಕಿಡ್' ಸಿನಿಮಾದ ಹುಡುಗರಿಗೆ ಹೊಡೆತ ಕಲಿಸಿ ಫೈಟು ಕಟ್ಟಿದವರು ಪ್ಯಾಟ್ ಜಾನ್ಸನ್. ಸೇನೆಯಲ್ಲಿದ್ದಾಗ ಕೊರಿಯಾದಲ್ಲಿ ಕಲಿತವರು. ಕೊನೆಯ ಪಂದ್ಯದಲ್ಲಿ ರೆಫರಿಯಾಗಿ ನಿಂತಿರುವವರೂ ಅವರೇ. ಫೈಟ್ ಮಾಸ್ಟರು ತಾನು ಕಲಿಸಿದ ಹುಡುಗರ ನಡುವೆಯೇ ನಿಂತಿದ್ದಾರೆ, ನನಗೆ ಅದು ಬಹಳ ಹಿಡಿಸಿತು. ನೀನೂ ಒಂದು ದಿನ ಫೈಟ್ ಮಾಸ್ಟರ್ ಆದರೆ ಮಾನಿಟರ್ ಹಿಂದೆ ಕೂತುಬಿಡಬೇಡ.

ಈಗ ನನ್ನ ಭಯ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ. ನೀನಾಗ ಸಣ್ಣವಳು. ಸಿನಿಮಾ ಶೂಟಿಂಗಿಗಾಗಿ ಅನಿಲ್, ಉದಯ್ ಎಂಬ ನಟರು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು, ಮೇಲೆ ಬರಲಿಲ್ಲ. ಅವತ್ತು ಟಿವಿ ನೋಡಿದ ನಿಮ್ಮವ್ವ ಅದನ್ನು ಇನ್ನೂ ಮರೆತಿಲ್ಲ. ನಿನ್ನ ಫೋನು ಒಂದು ಸಂಜೆ ಬರದಿದ್ದರೆ ಅವಳು ಬಾಗಿಲಲ್ಲೇ ನಿಂತಿರುತ್ತಾಳೆ.

ನಿನಗೆ ಇದುವರೆಗೂ ಹೇಳದ ಸಂಗತಿ ಒಂದಿದೆ. ನನ್ನ ಬಲಭುಜ ಕ್ಲಾಸಿನಲ್ಲಿ ಬಿದ್ದು ಹೋದದ್ದಲ್ಲ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಾನೂ ಒಂದು ಶೂಟಿಂಗಿಗೆ ಹೋಗಿದ್ದೆ. ಮಹಡಿಯಿಂದ ಬೀಳಬೇಕಿತ್ತು. ಕೆಳಗೆ ಹಾಸಿದ್ದ ರಟ್ಟಿನ ಡಬ್ಬಗಳು ಸಾಲವು ಅಂತ ಕಣ್ಣಿಗೆ ಕಾಣುತ್ತಿತ್ತು. ಆದರೂ "ಆಗಲ್ಲ" ಅನ್ನಲು ನಾಚಿಕೆಯಾಯಿತು, ಎಲ್ಲರೂ ನೋಡುತ್ತಿದ್ದರು. ಆಸ್ಪತ್ರೆಯ ಬಿಲ್ಲು ನಿಮ್ಮ ತಾತ ಕಟ್ಟಿದರು, ಎಮ್ಮೆ ಮಾರಿ. ಅದಕ್ಕೇ ಹೇಳುತ್ತೇನೆ: ಹಾಸಿಗೆಯನ್ನು ನಿನ್ನ ಕೈಯಿಂದಲೇ ಒತ್ತಿ ನೋಡು. ಹಗ್ಗದ ಗಂಟನ್ನು ನೀನೇ ಎಳೆದು ನೋಡು. ರಿಹರ್ಸಲ್ ಆಗದೆ ಹಾರಬೇಡ. "ಆಗಲ್ಲ ಸರ್" ಅಂದರೆ ಒಂದು ದಿನದ ಪೇಮೆಂಟ್ ಹೋಗಬಹುದು. ಹೋಗಲಿ, ನಾನಿದ್ದೇನೆ.

ಡೆಮುರಾ ಸಿನಿಮಾದ ನಂತರವೂ ತಮ್ಮ ಕ್ಲಾಸು ಬಿಡಲಿಲ್ಲ. 2023ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ನಾಲ್ಕು. ಆ ದಿನ ನಾನು ಮಕ್ಕಳನ್ನು ಸಾಲಾಗಿ ಕೂರಿಸಿ, ಡೆಮುರಾ ಯಾರು ಅಂತಲೂ ಗೊತ್ತಿಲ್ಲದ ಆ ಮಕ್ಕಳಿಂದ ಒಂದು ನಿಮಿಷ ಮೌನ ಮಾಡಿಸಿದೆ.

ಕ್ಲಾಸಿನಲ್ಲಿ ಈಗ ಹದಿನಾಲ್ಕು ಮಕ್ಕಳು, ಅವರಲ್ಲಿ ಆರು ಹುಡುಗಿಯರು. ಬೀಳುವುದನ್ನು ಕಲಿಸಬೇಕು, ನನ್ನ ಭುಜ ಒಪ್ಪುತ್ತಿಲ್ಲ. ಶೂಟಿಂಗ್ ಇಲ್ಲದ ವಾರ ನೋಡಿ ಬಾ. ಮೊಣಕಾಲಲ್ಲಿ ಹರಿದಿದ್ದ ನಿನ್ನ ಹಳೇ ಕರಾಟೆ ಡ್ರೆಸ್ಸನ್ನು ನಿಮ್ಮವ್ವ ಇವತ್ತು ಬೆಳಿಗ್ಗೆ ಟ್ರಂಕಿನಿಂದ ತೆಗೆದು ಹೊಲಿಯಲು ಕೂತಳು. ಹೊಲಿಯುತ್ತಾ, "ಎಡಗಾಲು ಅಂದೆಯಲ್ಲ, ಇನ್ನೊಂದು ಸಲ ಹೋಗೋಣ, ನೋಡಿಕೊಳ್ಳುತ್ತೇನೆ" ಅಂದಳು. ಬುಧವಾರಕ್ಕೆ ಟಿಕೆಟ್ ತಂದಿದ್ದೇನೆ.

ನಿನ್ನ
ಮಾವ