ಆವರಣ ಹಾಕಿದರೆ ಆಟವೇ ಬೇರೆ

5 + 3 × 2 ಎಷ್ಟು ಎಂದು ಮನೆಯಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರಾದರೂ 16 ಎನ್ನುತ್ತಾರೆ. ಅಂಗಡಿ ಗಲ್ಲಾದ ಮೇಲಿರುವ ಸಾದಾ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಅದೂ ಸಾಮಾನ್ಯವಾಗಿ 16 ಎಂದೇ ತೋರಿಸುತ್ತದೆ. ಸರಿಯುತ್ತರ 11. ಯಾಕೆ ಅಂದರೆ, ‘ಬೋಡ್‌ಮಾಸ್’ ಅಂತ ಮಕ್ಕಳು ಥಟ್ಟನೆ ಹೇಳುತ್ತಾರೆ: ಮೊದಲು ಆವರಣ, ಆಮೇಲೆ ಭಾಗಾಕಾರ, ಗುಣಾಕಾರ, ಕೂಡುವುದು, ಕಳೆಯುವುದು.

ಬಾಯಿಪಾಠದ ಈ ಮಂತ್ರವನ್ನು ಅಕ್ಷರಕ್ಕೆ ಅಕ್ಷರ ನಂಬಿದರೂ ಕಷ್ಟವೇ. 10 − 4 + 3 ಕೊಟ್ಟರೆ, ಮಂತ್ರದಲ್ಲಿ ಕೂಡುವುದು ಮೊದಲು ತಾನೇ ಎಂದು 4ಕ್ಕೆ 3 ಕೂಡಿಸಿ, 10ರಲ್ಲಿ ಕಳೆದು, 3 ಎಂದು ಬರೆಯುವ ಮಕ್ಕಳಿದ್ದಾರೆ. ಉತ್ತರ 9. ಕೂಡುವುದಕ್ಕೂ ಕಳೆಯುವುದಕ್ಕೂ ಒಂದೇ ಅಂತಸ್ತು. ಎಡದಿಂದ ಬಲಕ್ಕೆ ಹೋಗಬೇಕು. ಗುಣಾಕಾರ ಭಾಗಾಕಾರಗಳದೂ ಹಾಗೆಯೇ. ಅಮೆರಿಕದ ಮಕ್ಕಳು ಕಲಿಯುವ ‘ಪೆಮ್‌ಡಾಸ್’ನಲ್ಲಿ ಗುಣಾಕಾರವೇ ಭಾಗಾಕಾರಕ್ಕಿಂತ ಮುಂದಿದೆ. ಆದರೂ ಅವರ ಲೆಕ್ಕವೂ ನಮ್ಮ ಲೆಕ್ಕವೂ ತಾಳೆಯಾಗುತ್ತದೆ.

ಅಮೆರಿಕದ ಮಾತು ಬಂತಲ್ಲ, ಅಲ್ಲಿನ ಒಂದು ಆಟದ ಬಗ್ಗೆ ಹೇಳಲೇಬೇಕು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ‘ಪ್ಲೇಟೋ’ ಎಂಬ ಕಂಪ್ಯೂಟರ್ ಪಾಠವ್ಯವಸ್ಥೆ ಶುರುವಾಯಿತು. ಅದಕ್ಕಾಗಿ ಬಾನಿ ಆಂಡರ್ಸನ್ ‘ಹೌ ದಿ ವೆಸ್ಟ್ ವಾಸ್ ವನ್’ ಎಂಬ ಆಟ ರೂಪಿಸಿದರು. 70 ಮನೆಗಳ ದಾರಿ, ಹತ್ತತ್ತು ಮನೆಗೊಂದು ಊರು. ಮೂರು ಚಕ್ರ ತಿರುಗಿ ಮೂರು ಸಂಖ್ಯೆ ಬೀಳುತ್ತವೆ. ಅವುಗಳ ನಡುವೆ ಬೇಕಾದ ಚಿಹ್ನೆ, ಬೇಕಾದರೆ ಆವರಣ ಹಾಕಿ ಬಂದ ಉತ್ತರದಷ್ಟು ಮುಂದೆ ನಡೆಯಬೇಕು. ಊರಿನಲ್ಲೇ ಸರಿಯಾಗಿ ನಿಂತರೆ ಮುಂದಿನ ಊರಿಗೆ ನೆಗೆತ. ಊರಾಚೆ ಎದುರಾಳಿ ನಿಂತ ಮನೆಗೇ ಹೋದರೆ ಅವನು ಎರಡು ಊರು ಹಿಂದಕ್ಕೆ. ಚೌಕಾಬಾರದಲ್ಲಿ ಕಾಯಿ ಹೊಡೆದವರಿಗೆ ಇದರ ರುಚಿ ಬೇರೆ ಹೇಳಬೇಕಿಲ್ಲ.

ನೀವು 26ರಲ್ಲಿದ್ದೀರಿ, ಎದುರಾಳಿ 36ರಲ್ಲಿ ಎಂದುಕೊಳ್ಳಿ. ಬಿದ್ದದ್ದು 2, 3, 4. ಆಸೆಬುರುಕರು (2 + 3) × 4 ಎಂದು 20 ಮನೆ ಓಡಿ 46 ಮುಟ್ಟುತ್ತಾರೆ. 4 × (3 − 2) ಎಂದರೆ ನಾಲ್ಕೇ ಹೆಜ್ಜೆ. ಆದರೆ 30 ಊರು, ಅಲ್ಲಿಂದ 40ಕ್ಕೆ ನೆಗೆತ. ಆ ಆವರಣ ತೆಗೆದುಬಿಡಿ: 4 × 3 − 2, ಹತ್ತು ಹೆಜ್ಜೆ, ನೇರ 36. ಎದುರಾಳಿ 20ಕ್ಕೆ! ಮೂರರಲ್ಲಿ ಹೆಚ್ಚು ಮುನ್ನಡೆ ಕೊಡುವುದು ಈ ಕೊನೆಯದೇ. ಆವರಣ ಏನು ಮಾಡುತ್ತದೆಂಬುದು ಇಷ್ಟು ಸ್ಪಷ್ಟವಾಗಿ ಯಾವ ಅಭ್ಯಾಸಪುಟದಲ್ಲೂ ಕಾಣುವುದಿಲ್ಲ. ಅಲ್ಲಿ ಲೆಕ್ಕ ಮೊದಲೇ ಬರೆದಿರುತ್ತದೆ, ಮಗು ಬಿಡಿಸುತ್ತದೆ, ಅಷ್ಟೇ. ಇಲ್ಲಿ ಲೆಕ್ಕ ಕಟ್ಟುವುದೇ ಮಗು.

ಹಾಗೆಂದು ಆಟವಾಡಿಸಿದರೆ ಸಾಕೆಂದಲ್ಲ. ಸಂಶೋಧಕರಾದ ರಿಚರ್ಡ್ ಬರ್ಟನ್, ಜಾನ್ ಸೀಲಿ ಬ್ರೌನ್ ಇಬ್ಬರೂ ಈ ಆಟಕ್ಕೆ ಒಬ್ಬ ಕಂಪ್ಯೂಟರ್ ಮೇಷ್ಟ್ರನ್ನು ಜೋಡಿಸಿದರು. ಮಕ್ಕಳು ಒಂದೇ ಅಚ್ಚಿನ ಲೆಕ್ಕಕ್ಕೆ ಅಂಟಿಕೊಂಡುಬಿಡುತ್ತಾರೆ, ಬೇರೆ ದಾರಿ ಹುಡುಕುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಆ ಮೇಷ್ಟ್ರು ಸತತ ಎರಡು ಸರದಿ ಬಾಯಿ ಹಾಕುವಂತಿರಲಿಲ್ಲ; ತೋರಿಸುವ ನಡೆ ಮಗುವಿನದಕ್ಕಿಂತ ಎದ್ದುಕಾಣುವಷ್ಟು ಮೇಲಾಗಿದ್ದರೆ ಮಾತ್ರ ಮಾತು. ಪಕ್ಕದಲ್ಲಿ ಕೂತು ಹೆಜ್ಜೆಹೆಜ್ಜೆಗೂ ತಿದ್ದುವ ನಾವು ದೊಡ್ಡವರು ಕಲಿಯಬೇಕಾದ ಸಂಯಮ ಅದು.

ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ 70 ಮನೆ ಬರೆದು, ಮೂರು ದಾಳ ಇಟ್ಟರೆ ಆಯಿತು. ಆಗ ತಪ್ಪು ಹಿಡಿಯುವ ಕೆಲಸ ಎದುರಾಳಿಯದು. “ಏಯ್, ಆವರಣ ಎಲ್ಲಿ ಹಾಕಿದ್ದೀಯ? ನಿನ್ನದು ಹದಿನಾಲ್ಕೇ, ಇಪ್ಪತ್ತಲ್ಲ!” ಎಂದು ತಂಗಿ ಅಣ್ಣನ ಮೇಲೆ ಜಗಳಕ್ಕೆ ಬಿದ್ದಾಗ, ನಿಯಮ ಮೇಷ್ಟರ ಮಂತ್ರವಾಗಿ ಉಳಿಯುವುದಿಲ್ಲ, ಇಬ್ಬರೂ ಒಪ್ಪಿದ ಕರಾರಾಗುತ್ತದೆ. ಗಣಿತದಲ್ಲೂ ಅದು ಕರಾರೇ ತಾನೇ? ಬರೆದವರೂ ಓದುವವರೂ ಒಂದೇ ಉತ್ತರಕ್ಕೆ ಬರಲೆಂದು ಮಾಡಿಕೊಂಡದ್ದು. ಕರಾರು ಕಲಿಯಲು ಇಬ್ಬರು ಬೇಕು. ಈ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಎದುರುಬದುರು ಕೂರಿಸಿ, ದಾಳ ಕೈಗೆ ಕೊಡಿ.