ನಿಂತಾಗ ಕಾಯುತ್ತಾ, ಓಡುವಾಗ ಕಾಯುತ್ತಾ?

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಸಂಜೆಯಾದರೆ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿರುತ್ತಿದ್ದೆ. ಆ ಗ್ರೀಸು ಕೈಯಲ್ಲಿ ಕೀಬೋರ್ಡ್ ಮುಟ್ಟಿದರೆ ಹೆಂಡತಿ ಬೈತಾಳೆ. ಇವತ್ತು ಚೆನ್ನಾಗಿ ಕೈ ತೊಳ್ಕೊಂಡು ಕೂತಿದ್ದೇನೆ. ಕಾರಿನ ಗಂಧಗಾಳಿ ಇಲ್ಲದವರು ಬೇಜಾರು ಮಾಡ್ಕೋಬೇಡಿ, ಮಧ್ಯದಲ್ಲಿ ಸ್ವಲ್ಪ ಚಾರ್ಮಾಡಿ ಘಾಟಿಯೂ ಬರುತ್ತೆ.

ನನ್ನ ಹತ್ತಿರ 1968ರ ಒಂದು ಮಸ್ಟ್ಯಾಂಗ್ ಇದೆ. ನಾನು ಹುಟ್ಟುವುದಕ್ಕೂ ಮುಂಚಿನ ಗಾಡಿ. ಅದರ ಹಳೇ ಎಂಜಿನ್ ಇಳಿಸಿ 347 ಕ್ಯೂಬಿಕ್ ಇಂಚಿನದ್ದು, ಅಂದರೆ ಸುಮಾರು 5.7 ಲೀಟರಿನದ್ದು, ಕೂರಿಸಿದೆ. 400 ಹಾರ್ಸ್‌ಪವರ್. ಹೆಚ್ಚುಕಡಿಮೆ ಹತ್ತು ಮಾರುತಿ 800 ಒಟ್ಟಿಗೆ ಕಟ್ಟಿದ ಹಾಗೆ. ಲಾಸ್ ಏಂಜಲೀಸ್ ಟ್ರಾಫಿಕ್ಕಿನಲ್ಲಿ ಅದನ್ನಿಟ್ಟುಕೊಂಡು ಏನು ಮಾಡ್ತೀಯ ಅಂತ ಮಾತ್ರ ಕೇಳಬೇಡಿ, ಮನೆಯಲ್ಲಿ ಈಗಾಗಲೇ ಕೇಳಿ ಆಗಿದೆ :-)

ಎಂಜಿನ್ ದೊಡ್ಡದಾದ ಮೇಲೆ ರೇಡಿಯೇಟರೂ ದೊಡ್ಡದಾಗಬೇಕಲ್ಲ? ಹಳೆಯದು ತಾಮ್ರ-ಹಿತ್ತಾಳೆಯದ್ದು, ಮೂರು ಸಾಲು ಕೊಳವೆಗಳು. ನಾನು ಹೆಚ್ಚು ಯೋಚಿಸದೆ ಅದೇ ಜಾತಿಯ ನಾಲ್ಕು ಸಾಲಿನದ್ದು ತಂದೆ. ದಪ್ಪ ಅಂದರೆ ಎಷ್ಟು ದಪ್ಪ ಅಂದರೆ ಬೆಲ್ಟಿನಿಂದ ತಿರುಗುವ ಫ್ಯಾನಿಗೆ ಜಾಗವೇ ಉಳಿಯಲಿಲ್ಲ. ಸರಿ, ಆ ಫ್ಯಾನನ್ನೂ ಅದರ ಸುತ್ತ ಇರುವ ಶ್ರೌಡ್ ಅನ್ನೂ ಬಿಚ್ಚಿ ಹಾಕಿ, ಮುಂದುಗಡೆ ತೆಳ್ಳನೆಯ ಎಲೆಕ್ಟ್ರಿಕ್ ಫ್ಯಾನ್ ಕಟ್ಟಿದೆ. ನೋಡಿದವರೆಲ್ಲ ಭೇಷ್ ಅಂದರು.

ಅಷ್ಟರಲ್ಲಿ ಅಪ್ಪ ಬಂದರು. ಅಮ್ಮ ಹೋಗಿ ವರ್ಷ ಆಗಿತ್ತು. ಮೂಡಿಗೆರೆ ಮನೆಯಲ್ಲಿ ಒಬ್ಬರೇ ಇರೋದು ಬೇಡ ಅಂತ ಹಟ ಮಾಡಿ ಕರೆಸಿಕೊಂಡಿದ್ದೆ. ಕರೆಸಿಕೊಂಡು ಏನು ಮಾಡಿದೆ? ಬೆಳಿಗ್ಗೆ ನಾನು ಆಫೀಸಿಗೆ, ಅವಳು ಆಫೀಸಿಗೆ, ಅಪ್ಪ ಕಿಟಕಿ ಪಕ್ಕ. ಸಂಜೆ ಬಂದಾಗಲೂ ಅದೇ ಕುರ್ಚಿ. "ಊಟ ಆಯ್ತಾ ಅಪ್ಪ?" "ಆಯ್ತು." ಅಲ್ಲಿಗೆ ಮಾತು ಮುಗೀತು. ಮೂರು ವಾರ ಹೀಗೇ.

ಒಂದು ಶನಿವಾರ ಸುಮ್ಮನೆ ಸುತ್ತಾಡಿಸೋಣ ಅಂತ ಮಸ್ಟ್ಯಾಂಗಿನಲ್ಲಿ ಕೂರಿಸಿಕೊಂಡು ಹೊರಟೆ. 405 ಫ್ರೀವೇನಲ್ಲಿ ಮುಂದೆಲ್ಲೋ ಆಕ್ಸಿಡೆಂಟು. ಇಪ್ಪತ್ತು ನಿಮಿಷ ಆಮೆ ನಡಿಗೆ. ಮುಳ್ಳು 190 ಡಿಗ್ರಿ ಫ್ಯಾರನ್‌ಹೀಟಿನಿಂದ 210, 220, ಆಮೇಲೆ 235. ಅಂದರೆ 113 ಸೆಲ್ಸಿಯಸ್. ಹೀಟರ್ ಪೂರ್ತಿ ತಿರುಗಿಸಿದೆ (ಅದೂ ಒಂದು ಪುಟ್ಟ ರೇಡಿಯೇಟರೇ, ಒಂದಷ್ಟು ಬಿಸಿ ಎಳೆದುಕೊಳ್ಳುತ್ತೆ). ಆ ಬಿಸಿಲಲ್ಲಿ, ಎಪ್ಪತ್ತೆರಡು ವರ್ಷದ ಅಪ್ಪನ ಮುಖಕ್ಕೆ ಬಿಸಿಗಾಳಿ. ಹೇಗೋ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದೆ. ಹಬೆ ಬುಸ್ ಅಂತಿತ್ತು. ನಾನು ಬಾನೆಟ್ ಎತ್ತಿ ಕೈ ಚಾಚಿದ್ದೇ ತಡ, "ಮುಚ್ಚಳ ಮುಟ್ಟಬೇಡ!" ಅಂತ ಅಪ್ಪ ಗದರಿದರು. ಮೂರು ವಾರದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಹೇಳೋದು ಮರೆತೆ, ಅಪ್ಪ ಲಾರಿ ಓಡಿಸುತ್ತಿದ್ದವರು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮಂಗಳೂರಿಗೆ ಕಾಫಿ ಮೂಟೆ, ವಾಪಸ್ ಬರುವಾಗ ಹೆಂಚು. ಲೋಡಿನಲ್ಲಿ ಘಾಟಿ ಹತ್ತುವಾಗ ನೀರು ಕುದಿಯೋದು ಅವರಿಗೆ ದಿನದ ಪಾಡು.

ಟೋ ಟ್ರಕ್ಕಿಗೆ ಕಾಯುತ್ತ ಕೂತಾಗ ಕೇಳಿದರು. "ಅಲ್ಲ ಮಾರಾಯ, ಇದು ನಿಂತಾಗ ಕಾಯುತ್ತಾ, ಓಡುವಾಗ ಕಾಯುತ್ತಾ?"

"ನಿಂತಾಗ. ಓಡುವಾಗ ಏನೂ ಇಲ್ಲ."

"ಹಂಗಾದ್ರೆ ನೀರಿನ ತಪ್ಪಲ್ಲ ಕಣೋ. ಗಾಳಿ ಇಲ್ಲ ಅದಕ್ಕೆ."

ಇಷ್ಟು ಹಣ ಸುರಿಯುವ ಮುಂಚೆ ನಾನೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ. ಲೆಕ್ಕ ನೋಡಿ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಅಂದಾಜು ಮೂರರಲ್ಲೊಂದು ಪಾಲು ಗಾಡಿ ಎಳೆಯುತ್ತೆ, ಒಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತೆ, ಇನ್ನೊಂದು ನೀರಿಗೆ. ಆದರೆ 400 ಹಾರ್ಸ್‌ಪವರ್ ಬರೋದು ಪೂರ್ತಿ ತುಳಿದಾಗ ಮಾತ್ರ, ಅದು ರಸ್ತೆಯಲ್ಲಿ ಕೆಲವೇ ಸೆಕೆಂಡು. ಫ್ರೀವೇನಲ್ಲಿ ಒಂದೇ ವೇಗದಲ್ಲಿ ಹೋಗಲು ಇಪ್ಪತ್ತೈದು ಮೂವತ್ತು ಸಾಕು, ಆಗ ಗಾಳಿಯೂ ತಾನಾಗಿ ನುಗ್ಗುತ್ತೆ. ಟ್ರಾಫಿಕ್ಕಿನಲ್ಲಿ ನಿಂತರೆ ಫ್ಯಾನ್ ಎಳೆದಷ್ಟೇ ಗಾಳಿ. ನಾನು ಒಳ್ಳೇ ಫ್ಯಾನ್ ಕಿತ್ತೆಸೆದು, ಅದರ ಮೇಲೆ ದಪ್ಪ ಗೋಡೆ ಕಟ್ಟಿದ್ದೆ. ಮುಂದಿನ ಸಾಲು ದಾಟುವಷ್ಟರಲ್ಲೇ ಗಾಳಿ ಬಿಸಿಯಾಗಿರುತ್ತೆ, ನಾಲ್ಕನೇ ಸಾಲಿಗೆ ಅದರಿಂದ ಏನು ಉಪಕಾರ? ಓಡುವಾಗ ಕಾದಿದ್ದರೆ ಕಥೆ ಬೇರೆ. ಆಗ ರೇಡಿಯೇಟರೇ ಚಿಕ್ಕದು, ಇಲ್ಲವೇ ಒಳಗೆ ಕಟ್ಟಿದೆ, ಇಲ್ಲವೇ ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿದೆ ಅಂತ ಅರ್ಥ.

ಮಾರನೇ ದಿನದಿಂದ ಅಪ್ಪ ಕಿಟಕಿ ಬಿಟ್ಟು ಗ್ಯಾರೇಜಿಗೆ ಶಿಫ್ಟ್ ಆದರು.

ಈ ಸಲ ಅಲ್ಯೂಮಿನಿಯಂ ತಗೊಂಡೆ, ಎರಡೇ ಸಾಲು. ಅಪ್ಪನಿಗೆ ನಂಬಿಕೆ ಬರಲಿಲ್ಲ. "ತಾಮ್ರ ಬಿಟ್ಟು ಪಾತ್ರೆ ಲೋಹ ತಂದಿದೀಯ!" ಅವರು ಹೇಳೋದೂ ಸುಳ್ಳಲ್ಲ, ಶಾಖ ದಾಟಿಸೋದರಲ್ಲಿ ತಾಮ್ರವೇ ಮುಂದೆ. ಆದರೆ ಹಳೇ ರೇಡಿಯೇಟರಿನಲ್ಲಿ ತಾಮ್ರ ಇರೋದು ರೆಕ್ಕೆಗಳಲ್ಲಿ, ಕೊಳವೆ ಹಿತ್ತಾಳೆ, ಮಧ್ಯೆ ಸೀಸದ ಬೆಸುಗೆ. ಹಿತ್ತಾಳೆ ಕೊಳವೆ ಅಗಲ ಮಾಡಿದರೆ ಒತ್ತಡಕ್ಕೆ ಉಬ್ಬುತ್ತೆ, ಹಾಗಾಗಿ ಅರ್ಧ ಇಂಚಿನವು. ಅಲ್ಯೂಮಿನಿಯಂನಲ್ಲಿ ಒಂದಿಂಚು ಅಗಲ ಮಾಡಬಹುದು. ಹಾಗಾಗಿ ಎರಡು ಸಾಲೇ ಹಳೇ ನಾಲ್ಕು ಸಾಲಿಗೆ ಸಮ, ತೂಕವೂ ಕಡಿಮೆ.

ಅದಕ್ಕಿಂತ ಮುಖ್ಯ ಅಗಲ. ಈ ಕಾರಿಗೆ ಆ ಕಾಲದಲ್ಲಿ 20 ಇಂಚಿನದ್ದೂ 24 ಇಂಚಿನದ್ದೂ ಬರುತ್ತಿತ್ತು, ನನ್ನದು 20. ಅಗಲ ಮಾಡಿದರೆ ಗಾಳಿಗೆ ಎದುರಾಗುವ ಜಾಗ ನೂರಕ್ಕೆ ಇಪ್ಪತ್ತು ಹೆಚ್ಚು, ದಪ್ಪ ಹೆಚ್ಚಿಸಿದ ಹಾಗೆ ಗಾಳಿಗೆ ಅಡ್ಡಿಯಿಲ್ಲ. ಆದರೆ ಅದಕ್ಕೆ ಮುಂದಿನ ತಗಡನ್ನು ಕೊಯ್ಯಬೇಕು. ಐವತ್ತು ವರ್ಷ ದಾಟಿದ ಕಾರಿನ ಮೈಗೆ ಗರಗಸ ಹಾಕೋದು... ಒಂದು ವಾರ ಮನಸ್ಸು ಬರಲಿಲ್ಲ. ಕೊನೆಗೆ ಅಪ್ಪನೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಕೊಯ್ಯಿ, ನಾನು ಹಿಡ್ಕೋತೀನಿ" ಅಂದರು.

ಜಾಗ ಉಳಿದದ್ದರಿಂದ ಬೆಲ್ಟ್ ಫ್ಯಾನ್ ವಾಪಸ್ ಬಂತು, ಶ್ರೌಡ್ ಕೂಡ. ಫ್ಯಾನಿನ ಅಲಗು ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರುವಂತೆ ಕೂರಿಸಿದೆವು. ಸುತ್ತಲಿನ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದ್ದು ಅಪ್ಪ. ಸಂದಿದ್ದರೆ ಗಾಳಿ ರೇಡಿಯೇಟರ್ ಮೂಲಕ ಬರದೆ ಪಕ್ಕದಲ್ಲಿ ನುಸುಳುತ್ತೆ. 160 ಡಿಗ್ರಿಯ ಥರ್ಮೋಸ್ಟಾಟ್ ಹಾಕು, ತಣ್ಣಗಿರುತ್ತೆ ಅಂತ ಗೆಳೆಯನೊಬ್ಬ ಹೇಳುತ್ತಲೇ ಇದ್ದ. ಹಾಕಲಿಲ್ಲ. ಅದು ಎಂಜಿನ್ ಎಷ್ಟಕ್ಕಿಂತ ಕೆಳಗೆ ತಣ್ಣಗಾಗಬಾರದು ಅಂತ ನೋಡಿಕೊಳ್ಳುತ್ತೆ ಅಷ್ಟೆ, ಮೇಲೇರೋದನ್ನು ತಡೆಯೋದಿಲ್ಲ.

ಸೆಪ್ಟೆಂಬರ್ ಕೊನೆಗೆ ಲಾಸ್ ವೇಗಸ್‌ಗೆ ಹೊರಟೆವು. ದಾರಿಯಲ್ಲಿ ಬೇಕರ್ ಅಂತ ಒಂದು ಚಿಕ್ಕ ಊರು, ಅಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿಯ ನೆನಪಿಗೆ. ನಾವು ಹೋದಾಗ 101 ತೋರಿಸುತ್ತಿತ್ತು. ಅಲ್ಲಿಂದ ಸುಮಾರು 930 ಅಡಿಯಿಂದ ಶುರುವಾದ ಏರು ಮೌಂಟನ್ ಪಾಸ್ ಹೊತ್ತಿಗೆ 4,700 ಅಡಿ ದಾಟುತ್ತೆ. ಗಾಡಿ ಕಾಯಬಾರದೆಂದರೆ ಏಸಿ ಆಫ್ ಮಾಡಿ ಅಂತ ಬೋರ್ಡು. ನನ್ನ ಗಾಡಿಗೆ ಏಸಿಯೇ ಇಲ್ಲ.

ಅಪ್ಪ ಮರುಭೂಮಿ ನೋಡಲೇ ಇಲ್ಲ. ಕಣ್ಣು ಪೂರ್ತಿ ಮುಳ್ಳಿನ ಮೇಲೆ. 190. 195. 198. ಮೇಲೆ ಹೋಗಿ ತಲುಪಿದಾಗಲೂ 200 ಮುಟ್ಟಲಿಲ್ಲ. "ಚಾರ್ಮಾಡಿಲಿ ನಿಮ್ಮಮ್ಮ ಒಂದ್ಸಲ ಲಾರೀಲಿ ಬಂದಿದ್ಲು, ಗೊತ್ತಾ?" ಅಂತ ಶುರು ಮಾಡಿದವರು ವೇಗಸ್ ದೀಪಗಳು ಕಾಣೋವರೆಗೂ ನಿಲ್ಲಿಸಲಿಲ್ಲ.

ಇರಲಿ ಅಂತ ಡಿಕ್ಕಿಯಲ್ಲಿ ಅವರು ತುಂಬಿಸಿಟ್ಟಿದ್ದ ಎರಡು ಕ್ಯಾನ್ ನೀರು ಹಾಗೇ ಮನೆಗೆ ವಾಪಸ್ ಬಂತು. ಮಾರನೇ ದಿನ ಬೆಳಿಗ್ಗೆ ಕರಿಬೇವಿನ ಗಿಡಕ್ಕೆ ಹಾಕಿದರು.